ಹೈಡ್ ಪಟ್ಟಣದ ಸಂಶಯ
ವೈದ್ಯನನ್ನು ನಾರಾಯಣನೆಂದೇ ನಂಬುವ ನಾಡಿನಿಂದ ಇಂಗ್ಲೆಂಡಿಗೆ ಬಂದ ವೈದ್ಯ ನಾನು. ಮ್ಯಾಂಚೆಸ್ಟರ್ ಸಮೀಪದ ಹೈಡ್ ಪಟ್ಟಣವೂ ತನ್ನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್‌ನನ್ನು ಹಾಗೆಯೇ ನಂಬಿತ್ತು. ಆತ ಡಯಾಮಾರ್ಫಿನ್ ಚುಚ್ಚಿ ತನ್ನ ರೋಗಿಗಳನ್ನು, ಅದರಲ್ಲೂ ವೃದ್ಧೆಯರನ್ನು ಕೊಲ್ಲುತ್ತಿದ್ದ.

ಮೊದಲು ಸಂಶಯಪಟ್ಟವರು ಊರಿನವರೇ: ಅಜ್ಜಿಯರನ್ನು ಕರೆದೊಯ್ಯುತ್ತಿದ್ದ ಟ್ಯಾಕ್ಸಿ ಚಾಲಕ, ಶವಸಂಸ್ಕಾರದ ವ್ಯವಸ್ಥೆ ಮಾಡುವವರು, ನೆರೆಯ ಕ್ಲಿನಿಕ್ಕಿನ ವೈದ್ಯೆ. 1998ರ ಮಾರ್ಚಿನಲ್ಲಿ ಆ ವೈದ್ಯೆ ದೂರಿತ್ತರೂ ಪೊಲೀಸರಿಗೆ ಏನೂ ಕಾಣಲಿಲ್ಲ. ಆ ತನಿಖೆ ಮುಗಿದ ಮೇಲೆ ಇನ್ನೂ ಮೂವರು ಹತರಾದರು. 2002ರ ವಿಚಾರಣಾ ವರದಿ ಎಣಿಸಿದ್ದು 215 ಕೊಲೆ.

ಈಗ ನಾವು ಬರೆಯುವ ಪ್ರತಿ ಮರಣ ಪ್ರಮಾಣಪತ್ರವನ್ನೂ ಇನ್ನೊಬ್ಬ ವೈದ್ಯರು ಪರಿಶೀಲಿಸಬೇಕು. 2024ರಿಂದ ಅದು ಕಾನೂನು. ನನಗದು ಅವಮಾನವೆನಿಸಿಲ್ಲ. ಏನಾದರೂ ಸಂಶಯವಿದೆಯೇ ಎಂದು ಮೃತರ ಮನೆಯವರನ್ನೂ ಅವರು ವಿಚಾರಿಸುತ್ತಾರೆ. ಅಂದು ಹೈಡ್‌ನ ಜನರನ್ನು ಹಾಗೆ ಕೇಳುವವರೇ ಇರಲಿಲ್ಲ.