ಉಣ್ಣುವುದು ಹುಳ, ಮೊಟ್ಟೆಯಿಡುವುದು ಚಿಟ್ಟೆ

ಮಂಡಿಕಲ್ಲಿನಿಂದ ಶಿಡ್ಲಘಟ್ಟದವರೆಗೆ ಹುಳು ಮನೆಯಿರುವ ಯಾವ ಹಳ್ಳಿಗೇ ಹೋಗಿ, ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆಯಿಂದ ಎದ್ದ ಮೇಲಿನ ವಾರ ಮನೆಮಂದಿಗೆ ಬಿಡುವೆಂಬುದಿಲ್ಲ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಈ ಕಡೆಯ ಹಂತದಲ್ಲೇ ಮುಗಿಸುತ್ತದೆ. ಮೊಟ್ಟೆಯೊಡೆದಾಗ ಅರ್ಧ ಮಿಲಿಗ್ರಾಮಿನಷ್ಟಿದ್ದ ಜೀವ, ಹಣ್ಣಾಗುವ ಹೊತ್ತಿಗೆ ಸುಮಾರು 10,000 ಪಟ್ಟು ತೂಗುತ್ತದೆ.

ಈ ಆತುರಕ್ಕೆ ಕಾರಣವಿದೆ. ನಮ್ಮ ದೇಹದಲ್ಲಿ ಜೀರ್ಣಾಂಗವೂ ಜನನಾಂಗವೂ ಏಕಕಾಲಕ್ಕೆ ದುಡಿಯುತ್ತವೆ. ರೇಷ್ಮೆಹುಳದಲ್ಲಿ ಒಂದರ ಸರದಿ ಮುಗಿದ ಮೇಲೆ ಇನ್ನೊಂದರದು. ಗೂಡಿನಿಂದ ಹೊರಬರುವ ಚಿಟ್ಟೆ ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಹೆಣ್ಣು ಬಾಲದ ತುದಿಯ ಗ್ರಂಥಿಯಿಂದ ವಾಸನೆ ಬಿಡುತ್ತದೆ, ಗಂಡು ಗರಿಯಂಥ ಮೀಸೆಯಿಂದ ಅದನ್ನು ಹಿಡಿದು ರೆಕ್ಕೆ ಬಡಿಯುತ್ತಾ ಹತ್ತಿರ ಬರುತ್ತದೆ. ಬಾಂಬಿಕಾಲ್ ಎಂಬ ಆ ರಾಸಾಯನಿಕವನ್ನು 1959ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಗುರುತಿಸಿದರು. ಅದಕ್ಕೆ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳು ಬೇಕಾದವು! ಕೂಡಿದ ಮೇಲೆ ಹೆಣ್ಣು ಇಡುವ ನಾನೂರು ಐನೂರು ಮೊಟ್ಟೆಗಳಲ್ಲಿರುವ ಸಾರವೆಲ್ಲ ಹುಳವಾಗಿದ್ದಾಗ ತಿಂದ ಸೊಪ್ಪಿನದೇ.

ಆ ಸೊಪ್ಪಾದರೂ ಸುಲಭದ ತುತ್ತಲ್ಲ. ಹಿಪ್ಪುನೇರಳೆ ಎಲೆ ಕಿತ್ತಾಗ ಒಸರುವ ಹಾಲಿನಲ್ಲಿ ಸಕ್ಕರೆಯನ್ನೇ ಹೋಲುವ ವಿಷವಸ್ತುಗಳಿವೆ. ಬೇರೆ ಜಾತಿಯ ಹುಳಗಳು ಇದನ್ನು ತಿಂದರೆ ಸಕ್ಕರೆ ಅರಗಿಸುವ ಕಿಣ್ವಗಳು ಕಟ್ಟಿಹೋಗುತ್ತವೆ. ರೇಷ್ಮೆಹುಳದಲ್ಲಿ ಈ ವಿಷಕ್ಕೆ ಜಗ್ಗದ ಕಿಣ್ವವಿದೆ. ನಮ್ಮ ಜಠರದಲ್ಲಿರುವುದು ಕಟುವಾದ ಆಮ್ಲ. ಹುಳದ ಕರುಳಿನಲ್ಲಿ ತದ್ವಿರುದ್ಧ: ಅದರ ರಸ ಸೋಪಿನ ನೀರಿನಂತೆ ಕ್ಷಾರ, ಪಿಎಚ್ ಮಾನ 9ರಿಂದ 10ರ ಆಸುಪಾಸು. ಎಲೆಯ ಪ್ರೋಟೀನ್ ಬಿಡಿಸಿಕೊಳ್ಳಲು ಇದು ಬೇಕೇ ಬೇಕು.

ಹಾಲುತೊಂಡೆ ರೋಗ ಒಳಹೊಗುವುದೂ ಈ ಕ್ಷಾರದಿಂದಲೇ. ರೋಗದ ವೈರಸ್ ಪ್ರೋಟೀನಿನ ಗಟ್ಟಿ ಹರಳೊಳಗೆ ಅಡಗಿರುತ್ತದೆ. ನೆಲದ ಬಿರುಕಿನಲ್ಲಿ, ತಟ್ಟೆಯ ಸಂದಿನಲ್ಲಿ ಬಹುಕಾಲ ಕೆಡದೆ ಕೂತಿರುತ್ತದೆ. ಬರಿಯ ನೀರಿಗೆ ಆ ಹರಳು ಕರಗದು, ಸೊಪ್ಪಿನ ಜತೆ ಕರುಳು ಸೇರಿದರೆ ಮಾತ್ರ ಕರಗಿ ವೈರಸ್ಸನ್ನು ಬಿಡುಗಡೆ ಮಾಡುತ್ತದೆ. ಆಮೇಲೆ ಹುಳದ ಗಿಣ್ಣುಗಳು ಊದುತ್ತವೆ. ನೆಮ್ಮದಿಯಿಲ್ಲದೆ ತಟ್ಟೆಯ ಅಂಚಿನಲ್ಲಿ ಹರಿದಾಡುತ್ತದೆ. ತೆಳುವಾದ ಚರ್ಮ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಆ ದ್ರವದ ತುಂಬ ಅವೇ ಹರಳುಗಳು, ಪಕ್ಕದ ಹುಳಗಳ ಸೊಪ್ಪಿನ ಮೇಲೆ.

ಹುಳ ಗೂಡು ಕಟ್ಟುವ ಚಂದ್ರಿಕೆಗೆ ಹಾಕುವ ಮುಂಚೆ ಬೆಳೆ ಕೈಬಿಟ್ಟರೆ ಸೊಪ್ಪು, ಕೂಲಿ, ಬಡ್ಡಿ ಎಲ್ಲವೂ ರೈತನ ತಲೆಯ ಮೇಲೆ ಬೀಳುತ್ತವೆ. ಆದ್ದರಿಂದ ಗಿಣ್ಣು ಊದಿದ ಹುಳ ಕಂಡ ತಕ್ಷಣ, ಚರ್ಮ ಒಡೆಯುವ ಮುನ್ನವೇ ಆರಿಸಿ ತೆಗೆಯಿರಿ. ತಿಪ್ಪೆಗೆ ಎಸೆಯಬೇಡಿ, ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣದ ನೀರಿಗೆ ಹಾಕಿ ದೂರದಲ್ಲಿ ಹೂಳಿ. ಬೆಳೆ ಮುಗಿದ ಮೇಲೆ ಮನೆ, ತಟ್ಟೆ, ಚಂದ್ರಿಕೆಗಳನ್ನು ನೂರು ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣದ ಲೆಕ್ಕದಲ್ಲಿ ತೊಳೆಯದೆ ಮುಂದಿನ ಚಾಕಿ (ಮರಿಹುಳ) ತರಬೇಡಿ.