ಹಲಗೆಯ ಜಗಲಿಯನ್ನು ಒತ್ತಡದ ನೀರಿನಿಂದ ತೊಳೆಯುವ ಕ್ರಮ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲವು ಮುಗಿಯುವ ವೇಳೆಗೆ ಹಿತ್ತಿಲಿನ ಮರದ ಜಗಲಿ, ಮೆಟ್ಟಿಲು ಮೊದಲಾದವುಗಳ ಹಲಗೆಗಳ ಮೇಲೆ ಪಾಚಿಯು ದಟ್ಟವಾಗಿ ಬೆಳೆದಿರುವುದು. ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯವು, ಮುಖ್ಯವಾಗಿ ವೃದ್ಧರಿಗೆ, ಇದ್ದೇ ಇರುವುದರಿಂದ ಪಾಚಿಯನ್ನು ತೆಗೆಯುವುದು ಅತ್ಯವಶ್ಯಕ. ಇದಕ್ಕಾಗಿ ಒತ್ತಡದ ನೀರಿನ ಯಂತ್ರಗಳು ಈಗ ಹಳ್ಳಿಗಳಲ್ಲಿಯೂ ಬಳಕೆಗೆ ಬಂದಿವೆ. ಇವುಗಳಿಂದ ಕೆಲಸವು ಬೇಗನೆ ಸಾಗುವುದೇನೋ ನಿಜ. ಆದರೆ ಪಾಚಿಯನ್ನು ಕೀಳುವ ಬಲವೇ ಮರವನ್ನೂ ಕೀಳುವುದೆಂಬುದನ್ನೂ, ಅಲಕ್ಷ್ಯ ಮಾಡಿದರೆ ಮನುಷ್ಯನ ಚರ್ಮವನ್ನು ಸೀಳುವುದೆಂಬುದನ್ನೂ ಯಂತ್ರವನ್ನು ತರಿಸುವವರು ಮರೆಯಕೂಡದು.

ಇಪ್ಪತ್ತು ಅಡಿ ಎತ್ತರದ ತೊಟ್ಟಿಯಿಂದ ಇಳಿದುಬರುವ ನೀರಿಗೆ ಚದರ ಅಂಗುಲಕ್ಕೆ ಸುಮಾರು 9 ಪೌಂಡು ಒತ್ತಡ ಮಾತ್ರವಿರುವುದು. ಮನೆಬಳಕೆಯ ಸಾಧಾರಣ ಯಂತ್ರವು ಅದೇ ನೀರನ್ನು 1,500 ಪೌಂಡು ಅಥವಾ ಅದಕ್ಕೂ ಹೆಚ್ಚಿನ ಒತ್ತಡದಿಂದ ಚಿಮ್ಮಿಸುವುದು. ಮೃದುವಾದ ಮರಕ್ಕೆ 500ರಿಂದ 600 ಪೌಂಡು ಸಾಕು. ತೇಗದಂತಹ ಮರಕ್ಕೂ 1,200ನ್ನು ಮೀರದಿರುವುದು ಒಳಿತು. ಮರದಲ್ಲಿ ಮೃದುವಾದ ಪದರವೂ ಗಟ್ಟಿಯಾದ ಪದರವೂ ಒಂದಾದ ಮೇಲೊಂದರಂತೆ ಇರುವುವು. ನೀರಿನ ಬಿರುಸು ಹೆಚ್ಚಾದರೆ ಮೃದುವಾದ ಪದರವು ಕೊರೆದುಹೋಗಿ ಹಲಗೆಯಲ್ಲಿ ಗೀರುಗಳು ಬೀಳುವುವು; ಸಿಬಿರುಗಳು ಏಳುವುವು. ಮುಂದಿನ ಮಳೆಯಲ್ಲಿ ಆ ಗೀರುಗಳಲ್ಲಿಯೇ ನೀರು ನಿಂತು, ಪಾಚಿಯು ಮೊದಲಿಗಿಂತ ಬೇಗನೆ ಹಿಡಿಯುವುದು.

ಕೆಲಸಕ್ಕೆ ಮುಂಚೆ ಹಲಗೆಗೆ ಯಾವ ಔಷಧವನ್ನು ಊಡಿಸಿದೆಯೆಂದು ವಿಚಾರಿಸತಕ್ಕದ್ದು. ಗೆದ್ದಲಿನಿಂದ ಮರವನ್ನು ಕಾಪಾಡುವ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವನ್ನು 1933ರಲ್ಲಿ ಭಾರತೀಯರಾದ ಸೊಂಟಿ ಕಾಮೇಶಂ ಅವರು ಕಂಡುಹಿಡಿದರು. ಮರಕ್ಕೆ ಇದರಿಂದ ಬಹಳ ಉಪಕಾರವಾಗಿದೆ. ಆದರೆ ಆರ್ಸೆನಿಕ್ ವಿಷವಾದುದರಿಂದ, ಇದನ್ನು ಊಡಿಸಿದ ಹಲಗೆಯ ಮೇಲೆ ಯಂತ್ರವನ್ನು ಪ್ರಯೋಗಿಸಕೂಡದು. ಮರದ ಹುಡಿಯೊಡನೆ ವಿಷವು ಹಿತ್ತಿಲಿನ ಮಣ್ಣಿಗೆ ಸೇರುವುದು. ಅಂತಹ ಹಲಗೆಗಳನ್ನು ಸಾಬೂನಿನ ನೀರು ಹಾಕಿ ಮೆತ್ತನೆಯ ಕುಂಚದಿಂದ ಉಜ್ಜುವುದೇ ಸರಿಯಾದ ಮಾರ್ಗ.

ಉಳಿದ ಹಲಗೆಗಳಲ್ಲಿ ಎದ್ದಿರುವ ಮೊಳೆಗಳನ್ನು ಬಡಿದು ಕೂರಿಸಿ, ಕೊಳೆತ ಹಲಗೆಗಳನ್ನು ಬದಲಾಯಿಸಿ, ಕಸವನ್ನು ಗುಡಿಸಬೇಕು. ನೀರು 40 ಡಿಗ್ರಿಯಷ್ಟು ಅಗಲವಾಗಿ ಹರಡುವಂತಹ ಮೂತಿಯನ್ನು ಜೋಡಿಸಬೇಕು. ಒಂದೇ ಎಳೆಯಾಗಿ ಚಿಮ್ಮುವ ಮೂತಿಯನ್ನು ಮರದ ಮೇಲೆ ಬಳಸಲೇಕೂಡದು. ಮೂತಿಯು ಹಲಗೆಯಿಂದ ಒಂದು ಅಡಿ ದೂರದಲ್ಲಿರಲಿ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಿ, ಅನಂತರ ಮರದ ಎಳೆಯ ಉದ್ದಕ್ಕೇ ಸಮನಾದ ವೇಗದಿಂದ ಕೈಯಾಡಿಸತಕ್ಕದ್ದು. ಪಾಚಿಯು ಬಿಡದಿದ್ದರೆ ಸಾಬೂನಿನ ನೀರಿನಲ್ಲಿ ಹತ್ತು ನಿಮಿಷ ನೆನೆಯಿಸಿ ಕುಂಚದಿಂದ ಉಜ್ಜಬೇಕೇ ಹೊರತು ಒತ್ತಡವನ್ನು ಹೆಚ್ಚಿಸಬಾರದು. ಬ್ಲೀಚಿಂಗ್ ಪೌಡರನ್ನು ಆಮ್ಲದೊಡನೆ ಎಂದಿಗೂ ಬೆರೆಸಕೂಡದು. ಅದರಿಂದ ಹುಟ್ಟುವ ಕ್ಲೋರಿನ್ ಅನಿಲವು ಶ್ವಾಸಕೋಶಗಳಿಗೆ ಮಾರಕವಾದುದು.

ಕೆಲಸ ಮಾಡುವವನು ಕನ್ನಡಕವನ್ನೂ, ಬೆರಳುಗಳನ್ನು ಪೂರ್ತಿಯಾಗಿ ಮುಚ್ಚುವ ಗಟ್ಟಿಯಾದ ಬೂಟುಗಳನ್ನೂ ಧರಿಸಿರಬೇಕು. ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಬೇಕು. ಮೂತಿಯನ್ನು ಯಾರ ಕಡೆಗೂ ತಿರುಗಿಸಬಾರದು. ತನ್ನ ಕಾಲನ್ನು ತೊಳೆದುಕೊಳ್ಳಲೂ ಉಪಯೋಗಿಸಬಾರದು. ಏಣಿಯ ಮೇಲೆ ನಿಂತು ಯಂತ್ರವನ್ನು ನಡೆಸಿದರೆ ನೀರಿನ ಹಿನ್ನೂಕಿನಿಂದ ಬೀಳುವ ಅಪಾಯವಿದೆ. ವಿದ್ಯುತ್ ಯಂತ್ರಕ್ಕೆ ಅರ್ಥ್ ತಂತಿಯೂ, 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚೂ ಇರಲೇಬೇಕು. ತಂತಿಯ ಜೋಡಣೆಗಳು ನೀರಿನಲ್ಲಿ ಬಿದ್ದಿರಬಾರದು. ಪೆಟ್ರೋಲ್ ಯಂತ್ರವನ್ನು ಕೊಟ್ಟಿಗೆಯೊಳಗಾಗಲಿ ಮುಚ್ಚಿದ ಚಾವಡಿಯಲ್ಲಾಗಲಿ ನಡೆಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆಯೇ ಪ್ರಾಣವನ್ನು ತೆಗೆಯುವುದು.

ನೀರು ಚರ್ಮವನ್ನು ಭೇದಿಸಿದಾಗ ಗಾಯವು ಮುಳ್ಳು ಚುಚ್ಚಿದಷ್ಟು ಕಿರಿದಾಗಿ ಕಾಣಬಹುದು. ಇದರಿಂದ ಮೋಸಹೋಗಬಾರದು. ನೀರೂ ಕೊಳೆಯೂ ಒಳಗೆ ಬಹುದೂರ ಹರಡಿಕೊಂಡು, ಅಂಗವನ್ನೇ ಕತ್ತರಿಸುವ ಪ್ರಸಂಗವು ಬರಬಹುದು. ನೋವಿಲ್ಲವೆಂದು ಮರುದಿನದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಒತ್ತಡದ ನೀರಿನಿಂದಾದ ಗಾಯವೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ತೊಳೆದ ಹಲಗೆಗಳು ಬಿಸಿಲಿನಲ್ಲಿ ಎರಡು ಮೂರು ದಿನ ಚೆನ್ನಾಗಿ ಒಣಗಿದ ಮೇಲೆ, ಎದ್ದ ಸಿಬಿರುಗಳನ್ನು ಮರಳು ಕಾಗದದಿಂದ ಉಜ್ಜಿ, ಮರಕ್ಕೆ ತಕ್ಕ ರಕ್ಷಕ ಲೇಪವನ್ನು ಕೊಡಬೇಕು.

ಇಂತಹ ಯಂತ್ರವನ್ನು ಜಮೀನುದಾರರು ಕೊಂಡರೂ ಬಾಡಿಗೆಗೆ ತಂದರೂ ಅದನ್ನು ಹಿಡಿಯುವವನು ಸಾಮಾನ್ಯವಾಗಿ ಕೂಲಿಯಾಳು. ಬೂಟು, ಕನ್ನಡಕಗಳನ್ನು ಅವನು ತಾನಾಗಿ ತರಲಾರನು. ಅವುಗಳನ್ನು ಒದಗಿಸಿ, ಯಂತ್ರದ ಕ್ರಮವನ್ನು ಮೊದಲೇ ತಿಳಿಯಹೇಳುವುದು ಯಜಮಾನರ ಕರ್ತವ್ಯ. ಗ್ರಾಮದ ಮುಖಂಡರು ಈ ವಿಷಯವನ್ನು ತಮ್ಮ ತಮ್ಮ ಊರುಗಳಲ್ಲಿ ಪ್ರಚಾರಕ್ಕೆ ತಂದರೆ, ಹಲಗೆಗಳಿಗೆ ಬಾಳಿಕೆಯೂ ಆಳುಗಳಿಗೆ ಕ್ಷೇಮವೂ ಉಂಟಾಗುವುದು.