ಕತ್ತಿಯಿಂದ ಬಂದ ಬಿರುದು, ಸೂತ್ರದಲ್ಲಿ ಉಳಿದ ಹೆಸರು

ನಾರ್ಮಂಡಿಯ ಶಾಂಬ್ರೆ ಎಂಬ ಊರು 1742ರಲ್ಲಿ ತನ್ನ ಹೆಸರನ್ನೇ ಕಳೆದುಕೊಂಡಿತು. ಫ್ರಾನ್ಸಿನ ದೊರೆ ಹದಿನೈದನೇ ಲೂಯಿ ಆ ಸೀಮೆಯನ್ನು ಡ್ಯೂಕ್ ಪದವಿಯ ನೆಲವೆಂದು ಸಾರಿ ಸನ್ನದು ಕೊಟ್ಟ. ಒಡೆಯನ ಮನೆತನದ ಹೆಸರೇ ಊರಿಗೂ ಬಂತು. ಅಂದಿನಿಂದ ಅದು ಬ್ರೊಯ್. ಪಿಯುಸಿ ಭೌತಶಾಸ್ತ್ರದಲ್ಲಿ ನಾವು ‘ಡಿ ಬ್ರಾಗ್ಲಿ’ ಎಂದು ಓದಿದ ಹೆಸರು ಇದೇ. ಎಲೆಕ್ಟ್ರಾನಿಗೂ ತರಂಗದ ಗುಣವಿದೆ ಎಂದು ಹೇಳಿದ ವಿಜ್ಞಾನಿ ಲೂಯಿ ದ ಬ್ರೊಯ್ ಮುಂದೆ ಈ ಮನೆತನದ ಏಳನೇ ಡ್ಯೂಕ್ ಆದರು. ಯುದ್ಧಭೂಮಿಯಲ್ಲಿ ಗಳಿಸಿದ ಬಿರುದೊಂದು ವಿಜ್ಞಾನದ ಸೂತ್ರಕ್ಕೆ ಹೆಸರು ಕೊಡುವ ಹೊತ್ತಿಗೆ ಫ್ರಾನ್ಸಿನಲ್ಲಿ ದೊರೆಗಳೇ ಉಳಿದಿರಲಿಲ್ಲ.

ಮನೆತನದ ಬೇರು ಇಟಲಿಯ ಪೀಡ್ಮಾಂಟ್ ಸೀಮೆಯ ಕಿಯೇರಿಯಲ್ಲಿದೆ. ಹದಿನೇಳನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸೆಸ್ಕೊ ಮಾರಿಯಾ ಬ್ರೊಲ್ಯಾ ಎಂಬ ಯೋಧ ಫ್ರಾನ್ಸಿನ ಸೇವೆಗೆ ಸೇರಿದ. 1656ರಲ್ಲಿ ವಲೆಂಜಾ ಕೋಟೆಯ ಮುತ್ತಿಗೆಯಲ್ಲಿ ಪ್ರಾಣ ಕೊಟ್ಟ. ಅವನ ಮಗ ವಿಕ್ಟರ್-ಮೊರೀಸ್ 1724ರಲ್ಲಿ ಫ್ರಾನ್ಸಿನ ಮಾರ್ಷಲ್ ಆದ. ಮೊಮ್ಮಗ ಫ್ರಾನ್ಸ್ವಾ-ಮಾರಿ 1734ರಲ್ಲಿ. ಈ ಮೊಮ್ಮಗನೇ ಮೊದಲ ಡ್ಯೂಕ್. ಬಿರುದು ಬಂದ ಮರುವರ್ಷವೇ ಅವನು ದೊರೆಯ ಅವಕೃಪೆಗೆ ಗುರಿಯಾಗಿ, ಹೊಸ ಹೆಸರಿನ ಆ ಊರಿಗೇ ಹೋಗಿ ಕೂರಬೇಕಾಯಿತು. 1745ರಲ್ಲಿ ಅಲ್ಲಿಯೇ ತೀರಿಕೊಂಡ.

ಎರಡನೇ ಡ್ಯೂಕ್ ವಿಕ್ಟರ್-ಫ್ರಾನ್ಸ್ವಾ ತಂದೆಯನ್ನೂ ಮೀರಿಸಿದ ದಂಡನಾಯಕ. 1759ರ ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್ ಬಳಿಯ ಬೆರ್ಗೆನ್‌ನಲ್ಲಿ ಅವನು ಗೆದ್ದಾಗ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಅವನಿಗೆ ‘ಪ್ರಿನ್ಸ್’ ಪದವಿ ಕೊಟ್ಟ. ಅದೇ ವರ್ಷ ಅವನೂ ಮಾರ್ಷಲ್ ಆದ. ಎರಡು ಬಿರುದುಗಳ ನಿಯಮ ಬೇರೆ ಬೇರೆ. ಡ್ಯೂಕ್ ಪದವಿ ಗಂಡು ಸಂತಾನದಲ್ಲಿ ಹಿರಿಯನಿಗೆ ಮಾತ್ರ. ಪ್ರಿನ್ಸ್ ಪದವಿ ವಂಶದ ಎಲ್ಲರಿಗೂ, ಹೆಣ್ಣುಮಕ್ಕಳಿಗೂ ಸಲ್ಲುತ್ತಿತ್ತು.

ಅಪ್ಪ ಒಂದು ದಡ, ಮಗ ಒಂದು ದಡ

1789ರ ಜುಲೈನಲ್ಲಿ, ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ, ಮನೆತನ ಎರಡಾಗಿ ಸೀಳಿತು. ಎಪ್ಪತ್ತು ದಾಟಿದ ಮಾರ್ಷಲ್ ವಿಕ್ಟರ್-ಫ್ರಾನ್ಸ್ವಾ ಪ್ಯಾರಿಸ್ಸಿನ ಸುತ್ತ ಜಮಾಯಿಸಿದ್ದ ರಾಜಸೇನೆಯ ಮುಖ್ಯಸ್ಥ. ದೊರೆ ಅವನನ್ನು ಯುದ್ಧಮಂತ್ರಿಯನ್ನಾಗಿಯೂ ಮಾಡಿದ. ಅವನ ಮಗ ಚಾರ್ಲ್ಸ್-ಲೂಯಿ-ವಿಕ್ಟರ್ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿ ಬಂದವನು. ದೇಶದ ಪ್ರತಿನಿಧಿಗಳ ಸಭೆಗೆ ಶ್ರೀಮಂತ ವರ್ಗದಿಂದ ಆರಿಸಿ ಬಂದಿದ್ದರೂ ಅಲ್ಲಿ ಜನಪಕ್ಷದ ಜೊತೆ ನಿಂತ. ಬಾಸ್ಟೀಲ್ ಕೋಟೆ ಬಿದ್ದೊಡನೆ ಅಪ್ಪ ದೇಶ ಬಿಟ್ಟ. ಮಗ ಉಳಿದ. 1790ರ ಜೂನ್‌ನಲ್ಲಿ ವಂಶಪಾರಂಪರ್ಯದ ಬಿರುದುಗಳೆಲ್ಲ ರದ್ದಾದ ಮೇಲೂ ಅವನು ಉಳಿದ; 1791ರಲ್ಲಿ ಸಂವಿಧಾನ ಸಭೆಯ ಅಧ್ಯಕ್ಷನೂ ಆದ.

ಆದರೆ 1792ರ ಆಗಸ್ಟ್‌ನಲ್ಲಿ ದೊರೆಯನ್ನು ಅಧಿಕಾರದಿಂದ ಇಳಿಸಿದ ತೀರ್ಮಾನಕ್ಕೆ ತಲೆಬಾಗಲು ಅವನು ಒಪ್ಪಲಿಲ್ಲ. ತಾನೇ ಒಪ್ಪಿ ಸ್ವೀಕರಿಸಿದ್ದ ಸಂವಿಧಾನಕ್ಕೆ ಅದು ವಿರುದ್ಧವಾಗಿತ್ತು. ರೈನ್ ಸೇನೆಯಲ್ಲಿದ್ದ ಹುದ್ದೆ ಹೋಯಿತು. 1794ರ ಜೂನ್ 27ರಂದು ಗಿಲೊಟಿನ್‌ಗೆ ಕೊರಳು ಕೊಟ್ಟ. ಸರಿಯಾಗಿ ಒಂದು ತಿಂಗಳಿಗೆ ಕ್ರಾಂತಿನಾಯಕ ರೋಬೆಸ್ಪಿಯರ್‌ನ ಆಳ್ವಿಕೆ ಉರುಳಿತು. ದೊರೆಯ ಪರ ನಿಂತ ಅಪ್ಪ 1804ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ, ಪರದೇಶಿಯಾಗಿಯೇ ಸತ್ತ.

ಬಿರುದಿನ ಹಕ್ಕು ಹದಿನೆಂಟರ ಮೊಮ್ಮಗ ಅಶೀಲ್‌ಗೆ ಬಂತು. ಅಜ್ಜನ ಪದವಿ ಅವನದಾದರೂ ನಡೆದದ್ದು ಅಪ್ಪನ ದಾರಿಯಲ್ಲಿ. ರಾಜಸತ್ತೆ ಮರಳಿದಾಗ ಅವನು ಮೇಲ್ಮನೆಯ ಸದಸ್ಯನಾದ. ಅಲ್ಲಿ ಮತ ಹಾಕಲು 30 ತುಂಬಿರಬೇಕಿತ್ತು. 1815ರ ನವೆಂಬರ್ ಕೊನೆಗೆ ಅವನಿಗೆ 30 ತುಂಬಿತು. ಡಿಸೆಂಬರ್ ಮೊದಲ ವಾರದಲ್ಲಿ ನೆಪೋಲಿಯನ್ನನ ಸೇನಾನಿ ಮಾರ್ಷಲ್ ನೇಯ ವಿಚಾರಣೆ ಬಂತು. ಸಭೆ ಮರಣದಂಡನೆಯತ್ತ ವಾಲಿದಾಗ ಈ ಎಳೆಯ ಡ್ಯೂಕ್ ನೇ ನಿರ್ದೋಷಿ ಎಂದು ಮತ ಹಾಕಿದ. ಮರುವರ್ಷ ಲೇಖಕಿ ಮದಾಂ ದ ಸ್ತಾಲ್ ಅವರ ಮಗಳು ಆಲ್ಬೆರ್ತೀನ್‌ಳನ್ನು ವರಿಸಿದ. 1822ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಮೇಲ್ಮನೆಯಲ್ಲಿ ದನಿಯೆತ್ತಿದ, 1835ರಲ್ಲಿ ಪ್ರಧಾನಿಯಾದ, 1840ರ ದಶಕದ ಆರಂಭದಲ್ಲಿ ವಸಾಹತುಗಳ ಗುಲಾಮಗಿರಿಯನ್ನು ಕೊನೆಗಾಣಿಸುವ ಬಗೆ ಹುಡುಕಿದ ಆಯೋಗವನ್ನು ಮುನ್ನಡೆಸಿದ. 1848ರಲ್ಲಿ ಫ್ರಾನ್ಸ್ ಗುಲಾಮಗಿರಿಯನ್ನು ರದ್ದು ಮಾಡಿತು. ಅವನ ಮಗ, ಇತಿಹಾಸಕಾರ ಆಲ್ಬೆರ್ ಕೂಡ ಪ್ರಧಾನಿಯಾದರೂ ರಾಜಸತ್ತೆಯ ಪಕ್ಷಪಾತಿಯಾಗಿದ್ದ. 1877ರ ಚುನಾವಣೆಯಲ್ಲಿ ಗಣರಾಜ್ಯವಾದಿಗಳು ಗೆದ್ದು, ಆ ಬಗೆಯ ರಾಜಕೀಯದ ಕಾಲ ಮುಗಿಯಿತು.

ಮನೆಯೊಳಗಿನ ಪ್ರಯೋಗಾಲಯ

ಆಲ್ಬೆರ್‌ನ ಮೊಮ್ಮಗ ಮೊರೀಸ್ ನೌಕಾಪಡೆಯ ಅಧಿಕಾರಿ. ವಿಜ್ಞಾನದ ಗೀಳು ಹತ್ತಿ ಆ ಕೆಲಸ ಬಿಟ್ಟು, 1908ರಲ್ಲಿ ಪಾಲ್ ಲಾಂಜೆವಾನ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಪ್ಯಾರಿಸ್ಸಿನ ತಮ್ಮ ಮನೆಯಲ್ಲೇ ಎಕ್ಸ್-ಕಿರಣಗಳ ಪ್ರಯೋಗಾಲಯ ಕಟ್ಟಿದರು. ತಂದೆ 1906ರಲ್ಲಿ ತೀರಿಕೊಂಡಾಗ ತಮ್ಮ ಲೂಯಿ ಇನ್ನೂ ಹದಿಹರೆಯದ ಹುಡುಗ. ಅವನ ಓದಿನ ಹೊಣೆಯೂ ಅಣ್ಣನದೇ ಆಯಿತು. ಲೂಯಿ ಮೊದಲು ಓದಿದ್ದು ಇತಿಹಾಸ. 1911ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಮೊದಲ ಸಾಲ್ವೆ ಸಮ್ಮೇಳನಕ್ಕೆ ಮೊರೀಸ್ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದರು. ಕ್ವಾಂಟಂ ಕುರಿತ ಅಲ್ಲಿನ ಚರ್ಚೆಗಳ ವರದಿ ಓದಿದ ಲೂಯಿ ಭೌತಶಾಸ್ತ್ರಕ್ಕೆ ಮನಸೋತರು.

1924ರ ನವೆಂಬರ್‌ನಲ್ಲಿ ಅವರು ಮಂಡಿಸಿದ ಪ್ರಬಂಧದ ತಿರುಳು ಸರಳ. ಬೆಳಕಿನ ತರಂಗಕ್ಕೆ ಕಣದ ಗುಣವಿದ್ದರೆ, ಎಲೆಕ್ಟ್ರಾನ್ ಕಣಕ್ಕೆ ತರಂಗದ ಗುಣ ಏಕಿರಬಾರದು? ಆ ತರಂಗದ ಉದ್ದ ಪ್ಲಾಂಕ್ ಸ್ಥಿರಾಂಕವನ್ನು ಕಣದ ಸಂವೇಗದಿಂದ ಭಾಗಿಸಿದಷ್ಟು. ಅದೇ ಚಳಿಗಾಲ ಢಾಕಾದಿಂದ ಪ್ಯಾರಿಸ್ಸಿಗೆ ಬಂದಿದ್ದ ನಮ್ಮ ಸತ್ಯೇಂದ್ರನಾಥ ಬೋಸ್, ಮೊರೀಸ್ ಅವರ ಪ್ರಯೋಗಾಲಯದಲ್ಲಿ ಎಕ್ಸ್-ಕಿರಣಗಳ ಕೆಲಸ ಕಲಿತರು. 1927ರಲ್ಲಿ ಅಮೆರಿಕದಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕಲ್ ಹರಳಿಗೆ ಎಲೆಕ್ಟ್ರಾನ್‌ಗಳನ್ನು ಹಾಯಿಸಿ ಲೂಯಿ ಹೇಳಿದ್ದು ನಿಜವೆಂದು ಕಂಡುಕೊಂಡರು. 1929ರಲ್ಲಿ ಲೂಯಿಗೆ ನೊಬೆಲ್ ಬಂತು. ಬೆಳಕು ತರಂಗವೆಂದು ಹತ್ತೊಂಬತ್ತನೇ ಶತಮಾನದಲ್ಲಿ ಗಟ್ಟಿಯಾಗಿ ಸ್ಥಾಪಿಸಿದ ಅಗಸ್ಟೀನ್ ಫ್ರೆನೆಲ್ 1788ರಲ್ಲಿ ಹುಟ್ಟಿದ್ದು ಬ್ರೊಯ್ ಊರಿನಲ್ಲೇ. ಅವರ ತಂದೆ ಡ್ಯೂಕ್‌ನ ಅರಮನೆಯ ಕೆಲಸಕ್ಕಿದ್ದ ವಾಸ್ತುಶಿಲ್ಪಿ. ಬೆಳಕಿನ ತರಂಗಕ್ಕೂ ದ್ರವ್ಯದ ತರಂಗಕ್ಕೂ ಒಂದೇ ಊರಿನ ನಂಟು ಇರುವುದನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ.

ಲೂಯಿ ವಿಜ್ಞಾನವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದರು ಕೂಡ. ಒಡಿಶಾದ ಬಿಜು ಪಟ್ನಾಯಕ್ ಅವರ ದತ್ತಿಯಿಂದ ಯುನೆಸ್ಕೊ ಆರಂಭಿಸಿದ ಕಳಿಂಗ ಪ್ರಶಸ್ತಿ 1952ರಲ್ಲಿ ಮೊಟ್ಟಮೊದಲು ಸಂದದ್ದು ಅವರಿಗೇ. 1960ರಲ್ಲಿ ಅಣ್ಣ ತೀರಿಕೊಂಡ ಮೇಲೆ ಡ್ಯೂಕ್ ಪದವಿ ಅವರಿಗೆ ಬಂತು. ಅವರು ಮದುವೆಯಾಗಲಿಲ್ಲ, 1987ರಲ್ಲಿ ಕಾಲವಾದಾಗ ಬಿರುದು ದೂರದ ದಾಯಾದಿ ಶಾಖೆಗೆ ಹೋಯಿತು. ಇಂದಿನ ಫ್ರಾನ್ಸಿನಲ್ಲಿ ಅಂಥ ಬಿರುದು ಹೆಸರಿಗೆ ತಗಲಿದ ಒಂದು ಗುರುತು. ಅದರಿಂದ ಯಾವ ಅಧಿಕಾರವೂ ಸಿಗದು.

ಇದು ಹುಟ್ಟಿನಿಂದ ಬಂದ ಭಾಗ್ಯದ ಕಥೆ ಎಂಬುದನ್ನು ಮರೆಯಬಾರದು. ಪಿತ್ರಾರ್ಜಿತ ಸಂಪತ್ತಿಲ್ಲದೆ ಆ ಮನೆಯಲ್ಲಿ ಪ್ರಯೋಗಾಲಯ ಏಳುತ್ತಿರಲಿಲ್ಲ, ಲೂಯಿಗೆ ಯೋಚಿಸಲು ಅಷ್ಟು ಬಿಡುವೂ ಇರುತ್ತಿರಲಿಲ್ಲ. ಅದೇ ಭಾಗ್ಯವಿದ್ದ ಎಷ್ಟೋ ಮನೆತನಗಳು ಬೇಟೆ, ಔತಣಗಳಲ್ಲಿ ಕರಗಿಹೋದವು. ಬ್ರೊಯ್ ಮನೆತನ ಉಳಿದದ್ದು, ಸಿಕ್ಕಿದ್ದನ್ನು ಹಲವು ಸಲ ತನ್ನ ವರ್ಗದ ಹಿತಕ್ಕಿಂತ ದೊಡ್ಡದಾದ ಕೆಲಸಕ್ಕೆ ಸುರಿದದ್ದರಿಂದ: ಒಬ್ಬ ಸಂವಿಧಾನಕ್ಕಾಗಿ ತಲೆ ಕೊಟ್ಟ, ಒಬ್ಬ ಗುಲಾಮರ ಬಿಡುಗಡೆಗೆ ದುಡಿದ, ಇಬ್ಬರು ದ್ರವ್ಯದ ಗುಟ್ಟು ಅರಸಿದರು. ದೊರೆಯ ಸನ್ನದಿಗೆ ಹಿರಿಯ ಮಗನೊಬ್ಬನೇ ವಾರಸುದಾರ. ಲೂಯಿ ಬಿಟ್ಟುಹೋದ ಸೂತ್ರದ ಮೇಲೆ ಓದುವ ಮನಸ್ಸಿರುವ ಯಾರಿಗೂ ಸಮಾನ ಹಕ್ಕಿದೆ.